ಕೈದಿಗಳಿಂದ ಶುಲ್ಕ ತೆಗೆದುಕೊಂಡರೆ ಖರ್ಚು ಇಳಿಯುತ್ತದಾ?

ಅಮೆರಿಕದ ನಿಮ್ಮ ಕೌಂಟಿ ಜೈಲಿನ ವೈದ್ಯಕೀಯ ಖರ್ಚು ಇಳಿಸಲು ಕೈದಿಗಳಿಂದಲೇ ಶುಲ್ಕ ತೆಗೆದುಕೊಂಡರೆ ಆಗಲ್ವಾ ಎಂದು ಕೇಳಿದ್ದೀರಿ. ನನಗೆ ಅದು ಸರಿ ಕಾಣುವುದಿಲ್ಲ. ಕೈಯಲ್ಲಿ ಕಾಸಿಲ್ಲದವರು ಸಣ್ಣ ಗಾಯವನ್ನು ಮುಚ್ಚಿಡುತ್ತಾರೆ. ಅದು ಕೀವು ತುಂಬಿ ಆಂಬುಲೆನ್ಸ್ ಕರೆಸುವ ಹೊತ್ತಿಗೆ ಬಿಲ್ಲು ಇನ್ನೂ ಜಾಸ್ತಿ. ಸುಮ್ನೆ ಬಿಡುವಂತೆಯೂ ಇಲ್ಲ. ಕೈದಿಯ ಗಂಭೀರ ಕಾಯಿಲೆಯನ್ನು ಗೊತ್ತಿದ್ದೂ ಕಡೆಗಣಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲೇ, ಎಸ್ಟೆಲ್ ವರ್ಸಸ್ ಗ್ಯಾಂಬಲ್ ಪ್ರಕರಣದಲ್ಲಿ ಹೇಳಿದೆ.

ಬದಲಿಗೆ ಮೆಡಿಕೇಡ್, ಅಂದರೆ ಕಡಿಮೆ ಆದಾಯದವರಿಗೆ ಅಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ, ಅದರ ಕಡೆ ನೋಡಿ. ಜೈಲಿನೊಳಗಿನ ಚಿಕಿತ್ಸೆಗೆ ಅದು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಆದರೆ ಅರ್ಹ ಕೈದಿ ಹೊರಗಿನ ಆಸ್ಪತ್ರೆಯಲ್ಲಿ 24 ಗಂಟೆ ಮೀರಿ ಒಳರೋಗಿಯಾಗಿದ್ದರೆ ಕೊಡಬಹುದು. ಆ ಬಿಲ್ಲುಗಳಿಗೆ ನಿಮ್ಮ ಕೌಂಟಿ ಅರ್ಜಿ ಹಾಕುತ್ತಿದೆಯಾ? ಮುಂದಿನ ಬಜೆಟ್ ಸಭೆಯಲ್ಲಿ ದಯವಿಟ್ಟು ಇದನ್ನೇ ಮೊದಲು ಕೇಳಿ.