ತಾರೆಯರ ಬಯೋಪಿಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೂಕಿ ಯುಗದ ನಟರ ಬದುಕಿನ ಕಥೆ ಹೇಳುವ ಬಯೋಪಿಕ್‌ಗಳಲ್ಲಿ ಅಂದಿನ ಚಿತ್ರದ ಮೊದಲ ಪ್ರದರ್ಶನ ತೋರಿಸುವಾಗ ತೆರೆಯ ತುಂಬ ಗೀರು, ಮಿಣುಕು, ಪಾತ್ರಗಳೆಲ್ಲ ದಡಬಡ ಓಡಾಡುತ್ತವೆ. ಆಗ ನಿಜಕ್ಕೂ ಹಾಗೆ ಕಾಣುತ್ತಿತ್ತೇ?

ಉತ್ತರ: ಇಲ್ಲ. ಮೊದಲ ದಿನ ಓಡುತ್ತಿದ್ದುದು ಲ್ಯಾಬಿನಿಂದ ಆಗಷ್ಟೇ ಬಂದ ಹೊಸ ಪ್ರಿಂಟ್. ಗೀರುಗಳು ಬಿದ್ದದ್ದು ಆಮೇಲೆ, ಊರೂರು ತಿರುಗಿ, ಪ್ರೊಜೆಕ್ಟರಿನ ಹಲ್ಲುಗಳಿಗೆ ಸಿಕ್ಕಿ ಸವೆದ ಮೇಲೆ. ಇಂದು ನಮಗೆ ಉಳಿದಿರುವ ಸವೆದ ಪ್ರತಿಯನ್ನೇ ಅಂದಿನ ಪ್ರೇಕ್ಷಕನ ಮುಂದೂ ಇಡುವುದು ದೊಡ್ಡ ತಪ್ಪು.

ವೇಗದ ಕಥೆಯೂ ಹಾಗೆಯೇ. ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ಹಿಡಿಯ ಒಂದು ಸುತ್ತಿಗೆ 8 ಫ್ರೇಮ್, ಅಂದರೆ 8 ಬಿಡಿ ಚಿತ್ರ. ಸೆಕೆಂಡಿಗೆ ಎರಡು ಸುತ್ತಾದರೆ 16. ಅದನ್ನು ಟಾಕಿಯ 24 ಫ್ರೇಮ್ ವೇಗದಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಚುರುಕಾಗುತ್ತದೆ. ಹಾಸ್ಯಚಿತ್ರಗಳಲ್ಲಿ ಬೇಕೆಂದೇ ಹಿಡಿಯನ್ನು ನಿಧಾನಕ್ಕೆ ತಿರುಗಿಸಿ ಚುರುಕು ತರುತ್ತಿದ್ದುದು ನಿಜ. ಆದರೆ ಗಂಭೀರ ಪ್ರೇಮದೃಶ್ಯವೂ ಹಾಗೆ ಓಡಿದರೆ ಅದು ತಯಾರಕರ ಅಜಾಗ್ರತೆ. ಇನ್ನೊಂದು ಮಾತು: ಮೂಕಿಚಿತ್ರಗಳ ಪ್ರಿಂಟ್‌ಗಳಲ್ಲಿ ಬಹಳಷ್ಟಕ್ಕೆ ಬಣ್ಣದ ಛಾಯೆ ಕೊಡುತ್ತಿದ್ದರು. ರಾತ್ರಿಯ ದೃಶ್ಯಕ್ಕೆ ನೀಲಿ, ದೀಪದ ಬೆಳಕಿಗೆ ಕಂದುಹಳದಿ. ಬರೀ ಕಪ್ಪು-ಬಿಳುಪು ತೋರಿಸಿದರೆ ಅಂದಿನ ಅನುಭವದ ಅರ್ಧವೇ ಮಾಯ.

ಪ್ರಶ್ನೆ: ಸ್ಟುಡಿಯೊ ದೃಶ್ಯಗಳಲ್ಲಿ ಯಾವ ತಪ್ಪುಗಳನ್ನು ಹುಡುಕಬೇಕು?

ಉತ್ತರ: ಮೊದಲು ತುಟಿಯ ಬಣ್ಣ ನೋಡಿ. 1920ರ ದಶಕದ ನಡುವಿನವರೆಗೆ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಆರ್ಥೊಕ್ರೊಮ್ಯಾಟಿಕ್ ಫಿಲ್ಮ್. ಅದಕ್ಕೆ ಕೆಂಪು ಕಾಣುವುದಿಲ್ಲ. ಕೆಂಪು ತುಟಿ ತೆರೆಯ ಮೇಲೆ ಕಪ್ಪಾಗುತ್ತಿತ್ತು, ನೀಲಿ ಕಣ್ಣು ಬಿಳಿಚಿಕೊಳ್ಳುತ್ತಿತ್ತು. ಬಯೋಪಿಕ್‌ನ ನಾಯಕಿ 1918ರ ಸೆಟ್ಟಿನಲ್ಲಿ ಕಡುಗೆಂಪು ತುಟಿಬಣ್ಣ ಹಚ್ಚಿ ಕ್ಯಾಮೆರಾ ಮುಂದೆ ನಿಂತರೆ, ಮೇಕಪ್ ವಿಭಾಗ ಫಿಲ್ಮಿನ ಬಗ್ಗೆ ಯೋಚಿಸಿಲ್ಲವೆಂದೇ ಅರ್ಥ.

ಡಾರ್ಕ್‌ರೂಮ್ ಕೂಡ ಇದಕ್ಕೇ ಸೇರಿದ್ದು. ಕೆಂಪು ಕಾಣದ ಆ ನೆಗೆಟಿವ್ಅನ್ನು ಕೆಂಪು ದೀಪದಲ್ಲಿ ತೊಳೆಯಬಹುದಿತ್ತು. ಎಲ್ಲ ಬಣ್ಣಗಳನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಬಂದ ಮೇಲೆ ನೆಗೆಟಿವ್‌ಗೆ ಪೂರ್ತಿ ಕತ್ತಲೆಯೇ ಬೇಕಾಯಿತು. ಹೀಗಾಗಿ 1935ರ ಲ್ಯಾಬಿನಲ್ಲಿ ಕೆಂಪು ಬೆಳಕಿನಡಿ ನೆಗೆಟಿವ್ ತೊಳೆಯುವ ದೃಶ್ಯ ತಪ್ಪು; ಕೆಂಪು ಕಾಣದ ಫಿಲ್ಮಿನ ಪ್ರಿಂಟ್ ತೊಳೆಯುತ್ತಿದ್ದಾರೆಂದರೆ ಸರಿ.

ಇನ್ನು ಸದ್ದು. ಮೂಕಿಯ ಶೂಟಿಂಗ್ ನಡೆಯುವಾಗಲೇ ನಿರ್ದೇಶಕ ಕೂಗಿ ಹೇಳಬಹುದಿತ್ತು; ನಟರಿಗೆ ಭಾವ ಬರಲೆಂದು ಪಕ್ಕದಲ್ಲಿ ಪಿಟೀಲು ನುಡಿಸುವವರೂ ಇರುತ್ತಿದ್ದರು. ಟಾಕಿ ಬಂದ ಮೇಲೆ ಅದೆಲ್ಲ ಬಂದ್. ಕ್ಯಾಮೆರಾದ ಸದ್ದು ಮೈಕಿಗೆ ಬೀಳದಂತೆ ಮೊದಮೊದಲು ಕ್ಯಾಮೆರಾ, ಕ್ಯಾಮೆರಾಮನ್ ಇಬ್ಬರನ್ನೂ ಒಂದು ಪೆಟ್ಟಿಗೆಕೋಣೆಯಲ್ಲಿ ಕೂರಿಸುತ್ತಿದ್ದರು. 1929ರ ಸೆಟ್ಟಿನಲ್ಲಿ ಸಂಭಾಷಣೆ ರೆಕಾರ್ಡ್ ಆಗುತ್ತಿರುವಾಗಲೇ ಬರಿಯ ಕ್ಯಾಮೆರಾ ಸರಾಗವಾಗಿ ನಟಿಯ ಹಿಂದೆ ಉರುಳುತ್ತಿದ್ದರೆ ಅನುಮಾನಪಡಿ.

ಪ್ರಶ್ನೆ: ಹಾಲಿವುಡ್ ತಾರೆಯರಾದ ಗೇಬಲ್ ಮತ್ತು ಲೊಂಬಾರ್ಡ್ ದಂಪತಿಯ ಕುರಿತ 1976ರ ಚಿತ್ರದಲ್ಲಿ, ಲೊಂಬಾರ್ಡ್ ತೀರಿಕೊಂಡಾಗ ಗೇಬಲ್ ಸೈನಿಕ ಸಮವಸ್ತ್ರದಲ್ಲಿದ್ದಾರೆ. ಇದು ಸರಿಯೇ?

ಉತ್ತರ: ತಪ್ಪು. ಕ್ಯಾರಲ್ ಲೊಂಬಾರ್ಡ್ ಯುದ್ಧ ಬಾಂಡ್ ಮಾರಾಟದ ಪ್ರವಾಸ ಮುಗಿಸಿ ಮರಳುವಾಗ ವಿಮಾನ ಅಪಘಾತದಲ್ಲಿ ಸತ್ತದ್ದು 1942ರ ಜನವರಿ 16ರಂದು. ಕ್ಲಾರ್ಕ್ ಗೇಬಲ್ ಸೇನೆಗೆ ಸೇರಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ. ಏಳು ತಿಂಗಳ ಅಂತರ ದೊಡ್ಡದಲ್ಲ ಅನ್ನಿಸಬಹುದು. ಆದರೆ ಹೆಂಡತಿಯನ್ನು ಕಳೆದುಕೊಂಡ ಮೇಲೆ ಆತ ಸೇನೆಗೆ ಹೋದ ಎಂಬುದೇ ಆ ಬದುಕಿನ ತಿರುವು. ಸಮವಸ್ತ್ರವನ್ನು ಮುಂಚೆಯೇ ತೊಡಿಸಿದ ಚಿತ್ರ ಆ ತಿರುವನ್ನೇ ಅಳಿಸಿಬಿಟ್ಟಿತು.

ಪ್ರಶ್ನೆ: ಗೊತ್ತಿದ್ದೂ ಸತ್ಯವನ್ನು ಬದಲಿಸುವುದೇಕೆ?

ಉತ್ತರ: ಒಮ್ಮೊಮ್ಮೆ ಅನುಮತಿಯ ತೊಡಕು. ಗಾಯಕ-ನಟ ಆಲ್ ಜೋಲ್ಸನ್ ಕುರಿತ 1946ರ ಚಿತ್ರಕ್ಕೆ ತಮ್ಮ ಹೆಸರು ಬಳಸಲು ಆತನ ಮಾಜಿ ಪತ್ನಿ ರೂಬಿ ಕೀಲರ್ ಒಪ್ಪಲಿಲ್ಲ. ಪಾತ್ರಕ್ಕೆ ಬೇರೆ ಹೆಸರಿಟ್ಟರು. ಇದಕ್ಕೆ ಆಕ್ಷೇಪವಿಲ್ಲ. ಒಮ್ಮೊಮ್ಮೆ ಕಥೆ ಕಟ್ಟುವ ಅನುಕೂಲ: ಚಾಪ್ಲಿನ್ ಕುರಿತ 1992ರ ಚಿತ್ರದಲ್ಲಿ ಅವರ ಆತ್ಮಕಥೆಯ ಬಗ್ಗೆ ಪ್ರಶ್ನೆ ಕೇಳುವ ಸಂಪಾದಕ ಪೂರ್ತಿ ಕಲ್ಪಿತ ಪಾತ್ರ.

ಒಪ್ಪಲಾಗದ್ದು ನಟಿ ಫ್ರಾನ್ಸಿಸ್ ಫಾರ್ಮರ್ ಕುರಿತ 1982ರ ಚಿತ್ರದಂಥದ್ದು. ಆಸ್ಪತ್ರೆಯಲ್ಲಿ ಆಕೆಗೆ ಮಿದುಳಿನ ಶಸ್ತ್ರಕ್ರಿಯೆ ಮಾಡಿದರೆಂದು ಅದು ತೋರಿಸುತ್ತದೆ. ಅದಕ್ಕೆ ಆಧಾರವಿಲ್ಲ. ಆದರೂ ಜನ ಇಂದಿಗೂ ಅದನ್ನೇ ನಿಜವೆಂದು ಹೇಳುತ್ತಾರೆ. ಹೆಸರು ಬದಲಿಸಿದರೆ ಯಾರಿಗೂ ನಷ್ಟವಿಲ್ಲ. ಸತ್ತವಳ ದೇಹಕ್ಕೆ ಆಗದ ಗಾಯವನ್ನು ಅಂಟಿಸುವುದು ಅನ್ಯಾಯ.

ಪ್ರಶ್ನೆ: 1930ರ ದೃಶ್ಯದಲ್ಲಿ ಗುಡ್ಡದ ಮೇಲೆ ‘ಹಾಲಿವುಡ್’ ಎಂಬ ಫಲಕ ಇರಬಹುದೇ?

ಉತ್ತರ: ಆಗ ಅಲ್ಲಿದ್ದದ್ದು ‘ಹಾಲಿವುಡ್‌ಲ್ಯಾಂಡ್’. 1923ರಲ್ಲಿ ನಿವೇಶನಗಳ ಜಾಹೀರಾತಿಗೆ ನಿಲ್ಲಿಸಿದ್ದು. ಕೊನೆಯ ನಾಲ್ಕು ಇಂಗ್ಲಿಷ್ ಅಕ್ಷರ (LAND) ತೆಗೆದದ್ದು 1949ರಲ್ಲಿ.

ಪ್ರಶ್ನೆ: ಹಳೆಯ ಹಾಲಿವುಡ್ ನಟಿಯೊಬ್ಬರ ಕುರಿತು 20 ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ತಪ್ಪು ತಡೆಯುವುದು ಹೇಗೆ?

ಉತ್ತರ: ಪ್ರತಿ ದೃಶ್ಯಕ್ಕೂ ತಿಂಗಳು, ವರ್ಷ ಬರೆಯಿರಿ. ‘ಮೂವತ್ತರ ದಶಕ’ ಎಂದು ಬರೆದರೆ ಕಲಾ ವಿಭಾಗ 1931ರ ಕಾರಿನ ಪಕ್ಕ 1939ರ ಉಡುಪು ತಂದು ನಿಲ್ಲಿಸುತ್ತದೆ. ಚಿತ್ರ ಬಿಡುಗಡೆಯಾದ ದಿನಾಂಕವನ್ನು ಶೂಟಿಂಗ್ ದಿನಾಂಕವೆಂದು ಹಿಡಿಯಬೇಡಿ. ನಡುವೆ ತಿಂಗಳುಗಳ ಅಂತರವಿರುತ್ತದೆ, ಅಷ್ಟರಲ್ಲಿ ನಟಿಯ ಕೇಶಶೈಲಿಯೇ ಬದಲಾಗಿರಬಹುದು. ಸ್ಟುಡಿಯೊ ಪ್ರಚಾರಕ್ಕೆ ಕೊಟ್ಟ ಫೋಟೊಗಳನ್ನು ತಿದ್ದಿರುತ್ತಿದ್ದರು. ಮೇಕಪ್‌ಗೆ ಅವನ್ನೇ ನಂಬದೆ ಪತ್ರಿಕಾ ಛಾಯಾಗ್ರಾಹಕರು ತೆಗೆದವನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಹಿನ್ನೆಲೆಯಲ್ಲಿ ಅಮೆರಿಕದ ಬಾವುಟವಿದ್ದರೆ ನಕ್ಷತ್ರ ಎಣಿಸಿ: 1912ರಿಂದ 1959ರ ಜುಲೈವರೆಗೆ 48, ಆಮೇಲೆ ಒಂದು ವರ್ಷ 49, 1960ರ ಜುಲೈನಿಂದ 50. ಬಾಡಿಗೆಗೆ ಸಿಗುವುದು ಸಾಮಾನ್ಯವಾಗಿ 50ರದ್ದೇ. ಪ್ರಶಸ್ತಿಯ ದೃಶ್ಯವಿದ್ದರೆ, ಆಸ್ಕರ್ ಸಮಾರಂಭ ಮೊದಲ ಬಾರಿ ಟಿವಿಯಲ್ಲಿ ಬಂದದ್ದು 1953ರಲ್ಲಿ. ಅದಕ್ಕೂ ಹಿಂದಿನ ಸಭಾಂಗಣದಲ್ಲಿ ಟಿವಿ ಕ್ಯಾಮೆರಾ ಇಡಬೇಡಿ. ಶೂಟಿಂಗಿಗೆ ಒಂದು ವಾರ ಮೊದಲು, ಸ್ಕ್ರಿಪ್ಟ್ ಓದಿರದ ಒಬ್ಬರ ಕೈಗೆ ಈ ದಿನಾಂಕಗಳ ಪಟ್ಟಿ ಕೊಟ್ಟು ಸೆಟ್ಟಿನಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿಸಿ.