ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಾ ಕೂತರೆ ನನ್ನ ಮಗಳ ಓದು ಹಿಂದೆ ಬೀಳುವುದಿಲ್ಲವೇ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಅವರ ಶಾಲೆಯಲ್ಲಿ ಈ ವರ್ಷದಿಂದ ದೊಡ್ಡ ಮಕ್ಕಳು ವಾರಕ್ಕೆರಡು ಸಲ, ಅರ್ಧರ್ಧ ಗಂಟೆ, ಮೂರನೇ ಕ್ಲಾಸಿನವರ ಜೊತೆ ಕೂತು ಓದು, ಲೆಕ್ಕ ಹೇಳಿಕೊಡಬೇಕಂತೆ. ಅವಳಿಗೇನೋ ಖುಷಿ. ನನಗೆ ಮಾತ್ರ ಇದು ಟೀಚರ್ ಕೆಲಸವನ್ನು ಮಕ್ಕಳ ತಲೆಗೆ ಕಟ್ಟುವ ಉಪಾಯ ಅನ್ನಿಸುತ್ತಿದೆ. ಅದೂ ಅಲ್ಲದೆ ಅವಳೇ ಲೆಕ್ಕದಲ್ಲಿ ಅಷ್ಟಕ್ಕಷ್ಟೆ. ಬೇಡ ಅಂದುಬಿಡಲೇ?

ಉತ್ತರ: ಬೇಡ ಅನ್ನಬೇಡಿ. ಹಾಗಂತ ನಿಮ್ಮ ಅನುಮಾನವೂ ಸುಮ್ನೆ ಬಂದದ್ದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ‘ಅಷ್ಟಕ್ಕಷ್ಟೆ’ ವಿಷಯ. 52ರಲ್ಲಿ 27 ಕಳೆಯಲು ಹೇಳಿದರೆ ಎಷ್ಟೋ ಮಕ್ಕಳು 35 ಅಂತ ಬರೆಯುತ್ತಾರೆ. ಎರಡರಲ್ಲಿ ಏಳು ಹೋಗುವುದಿಲ್ಲ, ಸರಿ, ಏಳರಲ್ಲೇ ಎರಡು ಕಳೆದುಬಿಡೋಣ ಅನ್ನುವುದು ಅವರ ಲೆಕ್ಕಾಚಾರ. ಲೆಕ್ಕದಲ್ಲಿ ಸದಾ ಮುಂದಿದ್ದವರಿಗೆ ಈ 35 ಎಲ್ಲಿಂದ ಬಂತು ಅಂತ ತಕ್ಷಣ ಹೊಳೆಯುವುದಿಲ್ಲ. ‘ಸರಿಯಾಗಿ ನೋಡು’ ಅಂದು ಮುಂದೆ ಹೋಗುತ್ತಾರೆ. ಒಂದು ಕಾಲಕ್ಕೆ ತಾನೂ ಹಾಗೇ ಬರೆದು ಬೈಸಿಕೊಂಡವಳಿಗೆ ಥಟ್ಟನೆ ಗೊತ್ತಾಗುತ್ತದೆ. ‘ನೀನು ಕೆಳಗಿನದರಲ್ಲಿ ಮೇಲಿನದನ್ನು ಕಳೆದೆ, ಅಲ್ವಾ? ಪಕ್ಕದ ಐದರ ಹತ್ತಿರ ಒಂದು ಹತ್ತು ಸಾಲ ಕೇಳು’ ಅನ್ನುತ್ತಾಳೆ. ತಾನು ಎಡವಿದ ಜಾಗ ಅವಳಿಗಿನ್ನೂ ನೆನಪಿದೆ. ನಮ್ಮಂಥ ದೊಡ್ಡವರು ಅದನ್ನು ಮರೆತು ಎಷ್ಟೋ ವರ್ಷವಾಗಿದೆ.

ಇನ್ನು ಅವಳ ಓದು. ‘ಹತ್ತು ಸಾಲ ಕೇಳು’ ಅಂದ ಕೂಡಲೇ ಆ ಮಗು ‘ಯಾಕೆ ಹತ್ತು? ಒಂದು ಯಾಕಲ್ಲ?’ ಅಂತ ಕೇಳುತ್ತದೆ. ಉತ್ತರ ಹೇಳಬೇಕಾದರೆ ಇವಳು ಸ್ಥಾನ ಬೆಲೆಯನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಬಿಚ್ಚಿ ಜೋಡಿಸಬೇಕು. ಬಾಯಿಪಾಠ ಮಾಡಿ ಪರೀಕ್ಷೆ ದಾಟಿದ್ದೆಲ್ಲ ಅಲ್ಲಿ ಬಯಲಾಗುತ್ತದೆ. 1982ರಲ್ಲಿ ಅಮೆರಿಕದ ಸಂಶೋಧಕರು ಇಂಥ ಕಾರ್ಯಕ್ರಮಗಳ ಮೇಲಿನ 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೇಳಿಸಿಕೊಂಡವರ ಜೊತೆಗೆ ಹೇಳಿಕೊಟ್ಟವರ ಕಲಿಕೆಯೂ ಸುಧಾರಿಸಿತ್ತು. ಆ ವಿಷಯದ ಮೇಲಿನ ಒಲವೂ ಎರಡೂ ಕಡೆ ಹೆಚ್ಚಿತ್ತು. ಹಾಗಂತ ರಾತ್ರೋರಾತ್ರಿ ಅಂಕ ಏರಿಬಿಡುತ್ತದೆ ಅಂತ ಕಾಯಬೇಡಿ, ಲಾಭ ಸಾಧಾರಣ ಮಟ್ಟದ್ದೇ. 2014ರ ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. ಒಂದು ಗುಂಪಿಗೆ ‘ಓದಿ, ಆಮೇಲೆ ಪರೀಕ್ಷೆ ಇದೆ’ ಅಂದರು. ಇನ್ನೊಂದು ಗುಂಪಿಗೆ ‘ಓದಿ, ಆಮೇಲೆ ಬೇರೆಯವರಿಗೆ ಹೇಳಿಕೊಡಬೇಕು’ ಅಂದರು. ಕೊನೆಗೆ ಯಾರಿಂದಲೂ ಪಾಠ ಮಾಡಿಸಲಿಲ್ಲ, ಇಬ್ಬರಿಗೂ ಪರೀಕ್ಷೆಯನ್ನೇ ಕೊಟ್ಟರು. ಎರಡನೇ ಗುಂಪಿಗೇ ಜಾಸ್ತಿ ನೆನಪಿತ್ತು! ಹೇಳಿಕೊಡಬೇಕು ಅನ್ನುವ ಯೋಚನೆ ಇದ್ದರೂ ಸಾಕು, ಓದುವ ರೀತಿಯೇ ಬದಲಾಗುತ್ತದೆ.

ಈಗ ನಿಮ್ಮ ಅನುಮಾನಕ್ಕೆ ಬರೋಣ. ಅದಕ್ಕೆ ಇನ್ನೂರು ವರ್ಷದ ಇತಿಹಾಸವಿದೆ. 18ನೇ ಶತಮಾನದ ಕೊನೆಯಲ್ಲಿ ಆಂಡ್ರ್ಯೂ ಬೆಲ್ ಮದ್ರಾಸಿನ ಅನಾಥಾಲಯದ ಶಾಲೆಯೊಂದರಲ್ಲಿ ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದರು. ಆಮೇಲೆ ಜೋಸೆಫ್ ಲ್ಯಾಂಕಾಸ್ಟರ್ ಲಂಡನ್ನಿನಲ್ಲಿ ಅಂಥದ್ದೇ ಶಾಲೆ ನಡೆಸಿದರು. ನೂರಾರು ಮಕ್ಕಳಿಗೆ ಒಬ್ಬರೇ ಮೇಷ್ಟ್ರು, ಉಳಿದದ್ದೆಲ್ಲ ಮಾನಿಟರುಗಳ ಕೈಯಲ್ಲಿ. ಖರ್ಚು ಕಡಿಮೆ ಅಂತ ಹಲವು ದೇಶಗಳಿಗೆ ಹಬ್ಬಿತು. ಆದರೆ ಕಲಿಕೆ ಅನ್ನುವುದು ಹೇಳಿದ್ದನ್ನು ಹೇಳುವ ಗಿಳಿಪಾಠವಾಯಿತು, ತರಬೇತಾದ ಶಿಕ್ಷಕರು ಬರುತ್ತಿದ್ದಂತೆ ಪದ್ಧತಿ ಹಿಂದೆ ಸರಿಯಿತು. ಟೀಚರ್ ಬದಲಿಗೆ ಮಕ್ಕಳನ್ನು ನಿಲ್ಲಿಸಿದರೆ ಆಗುವುದು ಇದೇ. ಹಾಗಾಗಿ ಶಾಲೆಗೆ ಹೋಗಿ ನೇರವಾಗಿ ಕೇಳಿ: ಆ ಅರ್ಧ ಗಂಟೆ ಟೀಚರ್ ಎಲ್ಲಿರುತ್ತಾರೆ? ಅದೇ ಕೋಣೆಯಲ್ಲಿ ಅಂದರೆ ಒಳ್ಳೆಯದು. ಸ್ಟಾಫ್ ರೂಮಿನಲ್ಲಿ ಅಂದರೆ ನೀವು ತಕರಾರು ಮಾಡಲೇಬೇಕು. ಹೇಳಿಕೊಡುವುದು ಹೇಗೆ ಅಂತ ಮೊದಲು ದೊಡ್ಡ ಮಕ್ಕಳಿಗೆ ಕಲಿಸಿದ್ದಾರಾ, ಅದನ್ನೂ ಕೇಳಿ. ಉತ್ತರ ಬಾಯಿಗೆ ಬಂದರೂ ತಡೆದು, ಮಗು ಯೋಚಿಸುವಷ್ಟು ಹೊತ್ತು ಕಾಯುವುದು ಹದಿನಾಲ್ಕು ವರ್ಷದವರಿಗೆ ತಾನಾಗಿ ಬರುವುದಿಲ್ಲ. ನಮಗೇ ಬರುವುದಿಲ್ಲ, ಬಿಡಿ.

ಮನೆಯಲ್ಲಿ ನೀವು ನೋಡಿಕೊಳ್ಳಬೇಕಾದದ್ದು ಒಂದೇ. ಒಪ್ಪಿಕೊಂಡ ಮೇಲೆ ಅವಳು ತಪ್ಪಿಸಬಾರದು. ದೊಡ್ಡ ಮಕ್ಕಳು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ ಅನ್ನುವಂತಾದಾಗ ಚಿಕ್ಕವರು ತಮ್ಮ ಬಗ್ಗೆ ಇಟ್ಟುಕೊಂಡ ಅಭಿಪ್ರಾಯವೇ ಕುಗ್ಗುತ್ತದೆ ಅಂತ 2005ರ ಒಂದು ಅಧ್ಯಯನ ತೋರಿಸಿತು. ಎಂಟು ವರ್ಷದ ಮಗುವಿಗೆ ‘ಅಕ್ಕನಿಗೆ ಪರೀಕ್ಷೆ ಇತ್ತು’ ಅನ್ನುವುದು ಹೊಳೆಯುವುದಿಲ್ಲ, ‘ಅಕ್ಕನಿಗೆ ನಾನು ಬೇಡ’ ಅನ್ನಿಸುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಎರಡು ವಾರ ಬರುವುದಿಲ್ಲ ಅಂತ ಮೊದಲೇ ಹೇಳಿ ಹೋಗಲಿ.

ಪ್ರಶ್ನೆ: ನಾನು ಹತ್ತನೇ ಕ್ಲಾಸು. ನಾನು ಓದಿಸುವ ಹುಡುಗ, ಬಸ್ಸಿನಲ್ಲಿ ಇಬ್ಬರು ದಿನಾ ಅವನಿಗೆ ಹೊಡೆಯುತ್ತಾರೆ ಅಂತ ಹೇಳಿದ. ‘ಯಾರಿಗೂ ಹೇಳಬೇಡ ಅಣ್ಣ’ ಅಂತ ಆಣೆ ಹಾಕಿಸಿಕೊಂಡಿದ್ದಾನೆ. ಏನು ಮಾಡಲಿ?

ಉತ್ತರ: ಹೇಳಲೇಬೇಕು, ಇವತ್ತೇ. ಮನೆಯವರಿಗೂ ಟೀಚರ್‌ಗೂ ಹೇಳದ್ದನ್ನು ಚಿಕ್ಕವರು ನಿಮ್ಮಂಥವರ ಹತ್ತಿರ ಬಾಯಿಬಿಡುತ್ತಾರೆ, ಅದು ಈ ಜೊತೆಯ ದೊಡ್ಡ ಲಾಭ. ಆದರೆ ಇದು ನೀವೊಬ್ಬರೇ ಹೊರುವ ಭಾರ ಅಲ್ಲ. ಬಸ್ಸಿನಲ್ಲಿ ನೀವೇ ಹೋಗಿ ಆ ಇಬ್ಬರನ್ನು ಗದರಿಸುವುದೂ ಬೇಡ. ಅವನ ಬೆನ್ನ ಹಿಂದೆ ಹೇಳಬೇಡಿ. ‘ನಿನಗೆ ಪೆಟ್ಟಾಗುವ ವಿಷಯ ನಾನು ಮುಚ್ಚಿಡಲಾರೆ, ಬಾ, ಇಬ್ಬರೂ ಹೋಗಿ ಮಿಸ್‌ಗೆ ಹೇಳೋಣ’ ಅನ್ನಿ. ಒಂದೆರಡು ದಿನ ಮುನಿಸಿಕೊಳ್ಳಬಹುದು. ಮುಂದಿನ ಸಲ ನಿಮ್ಮ ಸಮಯಕ್ಕೆ ನೀವು ಹೋಗಿ ಅವನ ಪಕ್ಕ ಕೂತುಕೊಳ್ಳಿ.