ಕೆರೆಯಂಚಿನ ಕೆಸರು ಹಾಳು ಜಾಗವಲ್ಲ

ಓದುಗರ ಪತ್ರ: ನಮ್ಮೂರ ಕೆರೆಯ ಅಭಿವೃದ್ಧಿಗೆ ಅನುದಾನ ಬಂದಿದೆ. ಕೆಸರು ತುಂಬಿ ಹಾಳಾದ ಅಂಚನ್ನು ಅಗೆದು, ಸುತ್ತ ಕಲ್ಲು ಕಟ್ಟಿ, ನಡಿಗೆಯ ದಾರಿ ಮಾಡಿ, ನಡುವೆ ಒಂದು ನಡುಗಡ್ಡೆ ಎಬ್ಬಿಸುತ್ತಾರಂತೆ. ಹುಡುಗರು ಪಕ್ಷಿಧಾಮ ಆಗಲಿ ಅನ್ನುತ್ತಾರೆ. ಅರಣ್ಯ ಇಲಾಖೆ ಬಂದರೆ ದನ ಇಳಿಸಲೂ ಬಿಡುವುದಿಲ್ಲ ಎಂಬ ಭಯ ಹಿರಿಯರಿಗೆ. ಏನು ಮಾಡುವುದು?

ಸಂಪಾದಕರ ಉತ್ತರ: ಜೆಸಿಬಿ ಇಳಿಯುವ ಮೊದಲೇ ಕೇಳಿದ್ದೀರಿ, ಅದಕ್ಕೆ ನಿಮ್ಮನ್ನು ಮೆಚ್ಚಬೇಕು. ಆದರೆ ‘ಹಾಳಾದ ಅಂಚು’ ಎಂದು ಬರೆದಿದ್ದೀರಲ್ಲ, ಆ ಮಾತನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ಕೆರೆ ತುಂಬಿ ಕೋಡಿ ಹರಿದಾಗ ನೀರು ಮುಟ್ಟುವ ಗೆರೆಗೂ ಬೇಸಗೆಯಲ್ಲಿ ನೀರು ಹಿಂದೆ ಸರಿದು ನಿಲ್ಲುವ ಗೆರೆಗೂ ನಡುವಿನ ಪಟ್ಟಿಯಲ್ಲೇ ಕೆರೆಯ ಜೀವ ಇರುವುದು. ಗದ್ದೆಗೊರವ, ಮೆಟ್ಟುಗಾಲು ಹಕ್ಕಿಗಳು ಗೇಣುದ್ದಕ್ಕಿಂತ ಕಡಿಮೆ ನೀರಿನಲ್ಲಿ ಮೇಯುತ್ತವೆ. ಕೊಕ್ಕರೆಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಹಳ್ಳದಿಂದ ಬರುವ ಮಣ್ಣು, ಹೊಲದ ಗೊಬ್ಬರದ ನೀರು ಜೊಂಡಿನಲ್ಲಿ ತಂಗಿ, ತಿಳಿಯಾಗಿ ಒಳಗೆ ಹೋಗುವುದೂ ಇಲ್ಲಿಯೇ. ಈ ಪಟ್ಟಿಯನ್ನು ನೆಟ್ಟಗೆ ಅಗೆದು ಕಲ್ಲು ಹೊದಿಸಿದರೆ ಕೆರೆ ಹೋಗಿ ತೊಟ್ಟಿ ಉಳಿಯುತ್ತದೆ. ದಡದಲ್ಲೇ ಎದೆಯುದ್ದ ಆಳವಾದರೆ ಹಕ್ಕಿಗೆ ಕಾಲೂರಲು ನೆಲವಿರುವುದಿಲ್ಲ, ಇಳಿದ ಎಮ್ಮೆ ಹತ್ತಿ ಬರಲಾರದು.

ನಡೆಯಲು ದಾರಿ ಬೇಕೆನ್ನುವುದು ತಪ್ಪಲ್ಲ. ಏರಿಯ ಮೇಲೆ ನಡೆಯಲಿ.

ಹೂಳು ತೆಗೆಯುವುದನ್ನೂ ನಾನು ಬೇಡ ಎನ್ನುವುದಿಲ್ಲ. ಎಲ್ಲಿ, ಎಷ್ಟು ಎಂಬುದೇ ಪ್ರಶ್ನೆ. ಹೊಲಕ್ಕೆ ನೀರು ಬಿಡುವ ತೂಬಿನ ಕಡೆಯ ಆಳದ ಭಾಗದಲ್ಲಿ ತೆಗೆಯಿರಿ, ಏರಿಯ ಬುಡ ಬಿಟ್ಟು ದೂರದಲ್ಲಿ. ಬುಡಕ್ಕೆ ಅಗೆದರೆ ಏರಿ ಜಿನುಗುತ್ತದೆ. ಹೂಳಿನಡಿಯ ಜೇಡಿ ಪದರ ಸಿಕ್ಕೊಡನೆ ನಿಲ್ಲಿಸಿ. ಅದನ್ನು ದಾಟಿ ಗರಸಿಗೆ ಹೋದರೆ ತುಂಬಿದ ನೀರು ನಿಲ್ಲುವುದಿಲ್ಲ. ಹಳ್ಳ ಬಂದು ಸೇರುವ ಕಡೆಯನ್ನು ಮುಟ್ಟಲೇಬೇಡಿ. ಅಲ್ಲಿ ದಡ ತಿದ್ದಲೇಬೇಕಾಗಿ ಬಂದರೆ ಹತ್ತು ಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಇಳಿಜಾರು ಬೇಡ. ಜೊಂಡು ಅತಿಯಾಗಿದ್ದರೆ ಒಂದು ಪಟ್ಟಿ ಬಿಟ್ಟು ಒಂದು ಪಟ್ಟಿ, ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ಯಿರಿ. ಕೊಯ್ದ ಬುಡ ಮುಳುಗಿದ್ದರೆ ಬೇರಿಗೆ ಗಾಳಿ ಸಿಗದೆ ಸಾಯುತ್ತದೆ. ಮೇಲಕ್ಕೆ ಕೊಯ್ದರೆ ಮತ್ತೆ ಚಿಗುರುತ್ತದೆ. ಮಳೆಗಾಲದಲ್ಲಿ ಮಾತ್ರ ಬೇಡ, ಗುಳುಮುಳುಕ, ದೇವನಕ್ಕಿಗಳು ಆಗ ಗೂಡು ಕಟ್ಟಿರುತ್ತವೆ.

ನಡುಗಡ್ಡೆಯ ವಿಷಯಕ್ಕೆ ಬರೋಣ. ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ಕಾಲದ, 1369ರ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಹೇಳುತ್ತದೆ. ಕೆರೆಯ ನಡುವೆ ಆಮೆಯ ಬೆನ್ನಿನಂತೆ ಎದ್ದ ದಿಬ್ಬ ಆ ದೋಷಗಳಲ್ಲಿ ಒಂದು. ಆರೂವರೆ ಶತಮಾನದ ಹಿಂದೆ ದೋಷವೆಂದು ಕಲ್ಲಿನಲ್ಲಿ ಕೊರೆದದ್ದಕ್ಕೆ ಇಂದು ಅನುದಾನ ಕೊಡುತ್ತಿದ್ದೇವೆ. ತೆಗೆದ ಹೂಳನ್ನು ಹೊರಗೆ ಸಾಗಿಸುವ ಖರ್ಚು ಉಳಿಸಲು ನಡುವೆ ರಾಶಿ ಹಾಕಿ ಹುಲ್ಲುಹಾಸು ಹೊದಿಸುತ್ತಾರೆ. ಅಷ್ಟು ನೀರು ಹಿಡಿಯುವ ಜಾಗ ಹೋಯಿತು. ಆ ಮಣ್ಣು ರೈತರ ಹೊಲಕ್ಕೆ ಹೋಗಬೇಕಾದದ್ದು.

ಹಿರಿಯರ ಭಯ ಅಭಯಾರಣ್ಯದ್ದು. ಅದಲ್ಲದೆ ಬೇರೆ ದಾರಿಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಮಾಡಿದ ತಿದ್ದುಪಡಿ 36ಎ ಕಲಮಿನ ‘ಸಂರಕ್ಷಣಾ ಮೀಸಲು’ ತಂದಿತು. ಅದು ಸರ್ಕಾರಿ ಜಮೀನಿಗೆ, ಸ್ಥಳೀಯರೊಡನೆ ಸಮಾಲೋಚಿಸಿದ ಮೇಲಷ್ಟೇ. ನಿರ್ವಹಣಾ ಸಮಿತಿಯಲ್ಲಿ ಅರಣ್ಯ, ಕೃಷಿ, ಪಶುಸಂಗೋಪನೆ ಇಲಾಖೆಗಳವರ ಜೊತೆ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಕೂರುತ್ತಾರೆ. ದನ ಎಲ್ಲಿ ಇಳಿಯಬೇಕು, ಬಲೆ ಯಾವ ತಿಂಗಳು ಬೀಸಬಾರದು ಎಂಬ ಮಾತನ್ನು ನಿಮ್ಮವರೇ ಅಲ್ಲಿ ಎತ್ತಬಹುದು. ಖಾಸಗಿ ಅಥವಾ ಸಮುದಾಯದ ಜಾಗಕ್ಕೆ 36ಸಿ, ‘ಸಮುದಾಯ ಮೀಸಲು’. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು 2007ರಲ್ಲಿ ಹೀಗೆ ಘೋಷಣೆಯಾಯಿತು. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ ಮರಗಳಲ್ಲೇ.

2017ರ ಜೌಗು ಪ್ರದೇಶ ನಿಯಮಗಳನ್ನು ನಂಬಿ ಕೂರಬೇಡಿ. ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಅವು ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ನಮ್ಮ ನಾಡಿನ ಕೆರೆಗಳಲ್ಲಿ ಹೆಚ್ಚಿನವು ನೀರಾವರಿಗೆಂದು ಕಟ್ಟಿದವೇ ಅಲ್ಲವೇ? ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಎರಡೂ ಹೊಲಕ್ಕೆ ನೀರುಣಿಸಲು ಕಟ್ಟಿದವು. ಎರಡೂ ಸಂರಕ್ಷಣಾ ಮೀಸಲಾಗಿ, 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದವು. ಸುಮಾರು 50 ಹೆಕ್ಟೇರಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವುಗಳಿಗೆ ದೂರದವರೆಗೆ ಕಣ್ಣು ಹಾಯುವ ಬಯಲು ದಡ ಬೇಕು. ಅಲ್ಲಿ ಸಸಿ ನೆಡುವುದು ಸೇವೆಯಲ್ಲ. ಅಂಕಸಮುದ್ರದಲ್ಲೋ, ನೀರಿನಲ್ಲಿ ನಿಂತ ಕರಿಜಾಲಿಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಆ ಮರ ಕಡಿದರೆ ಎಲ್ಲ ಮುಗಿಯಿತು. ಒಂದೇ ನಕ್ಷೆ ಎಲ್ಲ ಕೆರೆಗೂ ಹೊಂದದು.

ನನ್ನ ಸಂಕಟ ಇದೇ. ಅಂದಾಜುಪಟ್ಟಿಯಲ್ಲಿ ಅಗೆದ ಮಣ್ಣಿಗೆ ಘನ ಮೀಟರ್ ಲೆಕ್ಕ, ಹೊದಿಸಿದ ಕಲ್ಲಿಗೆ ಚದರ ಮೀಟರ್ ಲೆಕ್ಕ. ಮುಟ್ಟದೆ ಬಿಟ್ಟದ್ದಕ್ಕೆ ಸಾಲೇ ಇಲ್ಲ. ಕಂದಾಯದ ಕಡತದಲ್ಲಿ ಕೆರೆಯಂಗಳಕ್ಕಿರುವ ಹೆಸರು ಖರಾಬು, ಅಂದರೆ ಸಾಗುವಳಿಗೆ ಬಾರದ ಜಮೀನು. ಯಾವ ಮಳೆಗೆ ನೀರು ಎಲ್ಲಿಗೆ ಬರುತ್ತದೆಂದು ಬಲ್ಲ, ಕೆರೆಯ ನೀರು ಹಂಚುವ ನೀರುಗಂಟಿಯನ್ನು ಕೈಬಿಟ್ಟು, ಪಟ್ಟಣದ ಉದ್ಯಾನದ ನಕ್ಷೆಯನ್ನು ಹಳ್ಳಿಗೆ ತಂದೆವು.

ನಿಮ್ಮ ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರುಣ್ಣುವ ಜಮೀನು, 40 ಹೆಕ್ಟೇರಿನೊಳಗಿದ್ದರೆ ಅದು ಜಿಲ್ಲಾ ಪಂಚಾಯಿತಿಯದು, ಮೇಲಿದ್ದರೆ ಸಣ್ಣ ನೀರಾವರಿ ಇಲಾಖೆಯದು. ಕೆರೆ ಕೆಲಸದ ಅರ್ಜಿ ಯಾರಿಗೆಂದು ಅದರಿಂದ ತಿಳಿಯುತ್ತದೆ. ಮೊದಲು ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸಿ, ಗ್ರಾಮಸಭೆಯ ಠರಾವಿನೊಡನೆ ಮೀಸಲಿನ ಕೋರಿಕೆಯನ್ನು ಜಿಲ್ಲೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಕೊಡಿ. ಅಷ್ಟರೊಳಗೆ ಇನ್ನೊಂದು ಕೆಲಸ: ಈ ಸಲ ಕೋಡಿ ಹರಿದ ದಿನ ನೀರಿನಂಚಿಗೆ ಇಪ್ಪತ್ತು ಹೆಜ್ಜೆಗೊಂದು ಗೂಟ ನೆಡಿ, ಏಪ್ರಿಲ್ ಕೊನೆಯಲ್ಲಿ ನೀರು ನಿಂತಲ್ಲಿ ಮತ್ತೊಂದು ಸಾಲು. ಎರಡು ಸಾಲುಗಳ ನಡುವಿನ ಜಾಗವನ್ನು ಅಳೆದು, ಆ ಅಳತೆಯನ್ನೇ ಠರಾವಿನಲ್ಲಿ ಬರೆಸಿ.